ದೊಡ್ಡ ಲೆಕ್ಕದ ಪಾಳಿ

ಗುಳ್ಳಿಕಟ್ಟಿಯ ಪಂಚಾಯ್ತಿ ಕಚೇರಿಯಲ್ಲಿ ಟೇಬಲ್ಲಿನ ಮೇಲೆ ಒಂದು ಕಾಗದ ಇಟ್ಟಿದ್ದರು, ಕಾಗದದ ಮೇಲೆ ಒಂದು ಪೆನ್ನು. ಕೆರೆಯ ತೂಬು ತೆಗೆದು ಮುಚ್ಚುವ ನೀರಗಂಟಿ ಗುದ್ಲೆಪ್ಪ ಪೆನ್ನು ಮುಟ್ಟಿರಲಿಲ್ಲ. ಅರ್ಧ ತಾಸಿನಿಂದ ಅವನ ಎರಡೂ ಕೈ ಮೊಣಕಾಲಿನ ಮೇಲೇ ಇದ್ದವು. ಎಪ್ಪತ್ನಾಲ್ಕು ವರ್ಷದ ಮುದುಕ, ಮೊದಲಿನಿಂದಲೂ ಮಾತು ಕಡಿಮೆ. ಅವನು ಸಿಟ್ಟಾದರೆ ಹೊರಗೆ ಕಾಣುವುದು ಒಂದೇ, ಕಿವಿಯ ಹಿಂದಿನ ನರ. ಅವತ್ತು ಆ ನರ ಹಗ್ಗದ ಹಾಗೆ ಎದ್ದಿತ್ತು.

ಅಧ್ಯಕ್ಷ ಕುಬೇರಪ್ಪ ಕಾಗದವನ್ನು ಮೂರನೇ ಸಲ ಓದಿದ. "'ಮುನ್ಸೂಚನೆಯಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ. ಸಂದೇಶದ ಕೆಳಗೆ ಪರಿಶೀಲನೆ ಬಾಕಿ ಎಂದು ನಮೂದಿಸಿದ್ದರೂ ನೀರಗಂಟಿಯು ಗಮನಿಸದೆ, ತೂಬು ತೆರೆಯಲು ತಡ ಮಾಡಿದ್ದರಿಂದ ಕೆಳಗಿನ ತೋಟಗಳು ಮುಳುಗಿರುತ್ತವೆ.' ಇಷ್ಟ ಐತಿ ನೋಡ ಗುದ್ಲೆಪ್ಪಜ್ಜಾ. ಸಹಿ ಒಗದಬಿಡು. ಬರೇ ಒಂದ ಎಚ್ಚರಿಕಿ ಪತ್ರ ಕೊಟ್ಟು ಮುಗಸ್ತಾರ. ನಿನ್ನ ನೀರಗಂಟಿಕಿ ನಿನ್ನ ಹಂತ್ಯಾಕ ಇರ್ತೈತಿ."

"ಮಾಡಲಿಲ್ಲಂದ್ರ?"

"ಮಾಡಲಿಲ್ಲಂದ್ರ ತೂಬಿನ ಕೆಲಸ ಗುತ್ತಿಗಿಗೆ ಹೋಗತೈತಿ. ಯಾವನೋ ಬರ್ತಾನ. ಅವಗ ಕೆರಿ ಬಾಯಿ ಯಾವ ಕಡೆ ಐತಿ ಅನ್ನೂದೂ ಗೊತ್ತಿರಂಗಿಲ್ಲ."

ಟೇಬಲ್ಲಿನ ಆಚೆ ಮೃತ್ಯುಂಜಯ ಸಾಹೇಬರು ಕೂತಿದ್ದರು. ಕೆರೆಗಳ ಮುನ್ಸೂಚನೆ ಕಳಿಸುವ ಸೂಪರ್ ಕಂಪ್ಯೂಟರ್ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. ಇಸ್ತ್ರಿ ಮುರಿಯದ ಅಂಗಿ, ಮುಂದೆ ಬಿಚ್ಚಿಟ್ಟ ಲ್ಯಾಪ್‌ಟಾಪು. ಎರಡು ಮಾತಿಗೊಮ್ಮೆ ಅದರ ಮೂಲೆಯಲ್ಲಿದ್ದ ಒಂದು ಅಂಕಿಯನ್ನು ನೋಡುತ್ತಿದ್ದರು. ಅವರ ಪಕ್ಕದಲ್ಲಿ ಅದೇ ಕೇಂದ್ರದ ಇಂಜಿನಿಯರ್ ವಾಣಿಶ್ರೀ, ಹಾನಗಲ್ಲಿನ ಹುಡುಗಿ. ಬಂದಾಗಿನಿಂದ ತಲೆ ಎತ್ತಿರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ದಿಲ್ಶಾದ ಇದ್ದಳು. ಮುಳುಗಿದ್ದು ಅವಳ ವೀಳ್ಯದೆಲೆಯ ತೋಟ. ಫಿರ್ಯಾದಿಯೂ ಅವಳ ಹೆಸರಿನಲ್ಲೇ.

ಹನ್ನೆರಡು ದಿನದ ಹಿಂದೆ ಹಾನಗಲ್ಲ ಕಡೆ ಮೂರು ದಿನ ಬಿಡದೆ ಹೊಯ್ದಿತ್ತು. ಗುಳ್ಳಿಕಟ್ಟಿಯಲ್ಲಿ ಬರೀ ತುಂತುರು. ಆದರೆ ಈ ಕೆರೆಗೆ ನೀರು ಬರುವುದು ಆಕಾಶದಿಂದಲ್ಲ, ಮೇಲಿನ ಎರಡು ಕೆರೆಗಳಿಂದ. ಅವು ತುಂಬಿ ಕೋಡಿ ಹರಿದರೆ ಹಳ್ಳ ಹಿಡಿದು ಇಲ್ಲಿಗೆ. ಮೂರೂ ದಿನ ಬೆಳಿಗ್ಗೆ ಗುದ್ಲೆಪ್ಪನ ಫೋನಿಗೆ ದಪ್ಪ ಅಕ್ಷರದಲ್ಲಿ ಬಂತು: ಕೆರೆ ಸುರಕ್ಷಿತ, ತೂಬು ತೆರೆಯಬೇಡಿ. ಗುದ್ಲೆಪ್ಪ ಶಾಲೆಯಲ್ಲಿ ಎರಡನೇ ಇಯತ್ತೆ ಕಲಿತವನು, ದಪ್ಪ ಅಕ್ಷರವನ್ನು ಬೆರಳಿಟ್ಟು ಓದುತ್ತಾನೆ. ಅದರ ಕೆಳಗೆ ಇರುವೆ ಸಾಲಿನಂಥ ಇನ್ನೊಂದು ಬರಹ ಇತ್ತು. ಅದನ್ನು ಅವನು ಓದಲಿಲ್ಲ.

ಓದದಿದ್ದರೂ ತಿಳಿಯಬೇಕಿತ್ತು. ಅವನ ಸಿಟ್ಟಿನ ಒಂದು ಪಾಲು ಅವನ ಮೇಲೇ ಇತ್ತು. ಎರಡನೇ ದಿನ ಹಳ್ಳದ ನೀರು ಕೆಂಪಗೆ ತಿರುಗಿ, ಹಸಿ ಜೊಂಡು ಬೇರುಸಮೇತ ತೇಲಿ ಬರತೊಡಗಿತ್ತು. ಅಂಥ ನೀರನ್ನು ಅವನು ಹತ್ತು ವರ್ಷದವನಿದ್ದಾಗ ಒಮ್ಮೆ ಕಂಡಿದ್ದ. ಆ ವರ್ಷ ಮೇಲಿನ ಎರಡೂ ಕೆರೆ ಒಂದೇ ದಿನ ಕೋಡಿ ಬಿದ್ದಿದ್ದವು. ಅವನ ಅಪ್ಪ ಉಣ್ಣುತ್ತಿದ್ದ ತಾಟು ಬಿಟ್ಟು ತೂಬಿಗೆ ಓಡಿದ್ದ. ಅದೆಲ್ಲ ನೆನಪಿದ್ದೂ ಗುದ್ಲೆಪ್ಪ ತೂಬಿನ ತಿರುಪಿನ ಮೇಲೆ ಕೈಯಿಟ್ಟು, ಫೋನು ನೋಡಿ, ಮನೆಗೆ ಹೊಳ್ಳಿ ಬಂದ. ಎರಡನೇ ಬೆಳೆಯ ನೀರು ಸುಮ್ಮನೆ ಹರಿಬಿಟ್ಟರೆ ಭತ್ತದವರು ಸುಮ್ಮನಿರುವುದಿಲ್ಲ ಎಂಬುದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಆ ಮಷಿನ್ನಿನೊಳಗೆ ತನ್ನದೇ ಪಾಳಿ ನಡೆಯುತ್ತಿದೆ ಎಂದು ಅವನು ನಂಬಿದ್ದ.

ಮೂರನೇ ದಿನ ಮಧ್ಯಾಹ್ನ ನೀರು ಕೋಡಿ ಹತ್ತಿತು. ಗುದ್ಲೆಪ್ಪ ತೂಬು ಪೂರಾ ತೆಗೆದ. ಕೋಡಿಯ ನೀರು, ತೂಬಿನ ನೀರು, ಎರಡೂ ಕೂಡಿ ಕೆಳಗೆ ಬಿದ್ದವು. ದಿಲ್ಶಾದಳ ತೋಟದಲ್ಲಿ ಎರಡು ದಿನ ನಡುಮಟ್ಟ ನೀರು ನಿಂತಿತು. ಎಲೆಬಳ್ಳಿ ಅಷ್ಟು ತಾಳುವುದಿಲ್ಲ. ಅವಳ ಅತ್ತೆ ಹಚ್ಚಿದ್ದ ಬಳ್ಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಬುಡ ಕೊಳೆತು, ಚೊಗಚೆ ಮರಗಳಿಗೆ ಒಣ ದಾರದ ಹಾಗೆ ಜೋತುಬಿದ್ದವು.

ಗುದ್ಲೆಪ್ಪನ ಆ ನಂಬಿಕೆಗೂ ಒಂದು ಹಿನ್ನೆಲೆ ಇತ್ತು. ಎರಡು ವರ್ಷದ ಹಿಂದೆ ವಾಣಿಶ್ರೀ ಕೆರೆಯ ಏರಿಗೆ ಅಳತೆಯ ಕಂಬ ನೆಡಿಸಲು ಬಂದವಳು ಒಂಬತ್ತು ದಿನ ಅವನ ಬೆನ್ನು ಹತ್ತಿ ಅಡ್ಡಾಡಿದ್ದಳು. ಅವನು ಕಾಲುವೆಗೆ ಪಾಳಿ ಹಂಚುವುದನ್ನು ನೋಡಿ ಅವಳ ಕಣ್ಣು ಅರಳಿದ್ದವು.

ಪಾಳಿ ಅಂದರೆ ಹೀಗೆ. ಭತ್ತದ ಗದ್ದೆಗೆ ಇಡೀ ಕಾಲುವೆಯ ನೀರು ಬೇಕು, ಎಂಟು ತಾಸು, ನಡುವೆ ಕಡಿಯಬಾರದು. ಕಡಿದರೆ ಕೊನೆಯ ಗದ್ದೆ ಮುಟ್ಟುವುದಿಲ್ಲ, ಮೊದಲು ಹೋದದ್ದೂ ದಂಡ. ಎಲೆ ತೋಟಗಳದು ಗುಟುಕು ನೀರು, ಅರ್ಧ ತಾಸು, ಆದರೆ ದಿನಾ ಬೇಕು, ಮತ್ತು ತೋಟಗಳು ನಲವತ್ತು. ಸಣ್ಣವರನ್ನು ಕೇಳಿದ ಹಾಗೆಲ್ಲ ಬಿಡುತ್ತ ಹೋದರೆ ಯಾವಾಗಲೂ ಯಾರದೋ ಬಾಯಿ ತೆರೆದೇ ಇರುತ್ತದೆ, ಇಡೀ ಕಾಲುವೆ ಒಮ್ಮೆಲೇ ಗದ್ದೆಗೆ ಸಿಗುವುದೇ ಇಲ್ಲ. ಅದಕ್ಕೆ ಗದ್ದೆಯ ಪಾಳಿಗೆ ಒಂದು ತಾಸು ಮುಂಚೆ ಗುದ್ಲೆಪ್ಪ ಕಾಲುವೆಯ ತಲೆಯಲ್ಲಿ ಒಂದು ಹಸಿ ಲಕ್ಕಿ ಟೊಂಗೆ ಅಡ್ಡ ಇಡುತ್ತಿದ್ದ. ಟೊಂಗೆ ಬಿದ್ದ ಮೇಲೆ ಹೊಸದಾಗಿ ಯಾರೂ ನೀರು ತಿರುಗಿಸಿಕೊಳ್ಳುವಂತಿಲ್ಲ. ತಿರುಗಿಸಿಕೊಂಡವರು ಮುಗಿಸಿ ಮುಚ್ಚಬೇಕು. ಆ ಒಂದು ತಾಸಿನಲ್ಲಿ ಒಬ್ಬೊಬ್ಬರೇ ಮುಚ್ಚುತ್ತ ಬಂದ ಹಾಗೆ ಕಾಲುವೆ ಕೆಲಸವಿಲ್ಲದೆ ನಿಂತಂತೆ ಕಾಣುತ್ತದೆ, ನೋಡಿದವರ ಹೊಟ್ಟೆ ಉರಿಯುತ್ತದೆ. ಯಾರದಾದರೂ ಕೊತ್ತಂಬರಿ ಮಡಿ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಿದ್ದರೆ ಗುದ್ಲೆಪ್ಪ ನಡುವೆ ಬಿಡುತ್ತಿದ್ದ. ಹತ್ತು ಅಂತ ಹೇಳಿ ಇಪ್ಪತ್ತು ತೆಗೆದುಕೊಂಡವರನ್ನು ಮರುದಿನ ಸಾಲಿನ ಬಾಲಕ್ಕೆ ಹಾಕುತ್ತಿದ್ದ.

"ಅಜ್ಜಾರ, ನಮ್ಮ ಮಷಿನ್ನಿನ ಕಥಿನೂ ಇದ ಐತ್ರಿ" ಎಂದು ವಾಣಿಶ್ರೀ ಆಗ ಏರಿಯ ಮೇಲೆ ಕೂತು ಹೇಳಿದ್ದಳು. "ಸೂಪರ್ ಕಂಪ್ಯೂಟರ್ ಅಂದ್ರ ಒಂದ ಕಂಪ್ಯೂಟರ್ ಅಲ್ರಿ. ನಾನೂರು ಕಂಪ್ಯೂಟರ್ ಕಪಾಟಿನ್ಯಾಗ ಇಟ್ಟು ಒಂದಕ್ಕೊಂದು ಜೋಡಿಸಿರ್ತಾರ. ಅದರಾಗ ಎರಡ ನಮೂನಿ ಕೆಲಸ. ಒಂದು ದೊಡ್ಡ ಲೆಕ್ಕ. ಹಾನಗಲ್ಲಿಂದ ಸವಣೂರ ತನಕ ನೆಲಾನ ಸಣ್ಣ ಚೌಕ ಚೌಕ ಮಾಡಿ, ಒಂದೊಂದ್ರಾಗ ಎಷ್ಟ ಮಳಿ ಬಿತ್ತು, ಎಷ್ಟ ಇಂಗಿತು, ಬಾಜೂ ಚೌಕಕ್ಕ ಎಷ್ಟ ಹರೀತು ಅಂತ ಹೆಜ್ಜಿ ಹೆಜ್ಜಿಗೆ ತಗೀಬೇಕು. ಅದಕ್ಕ ಮುನ್ನೂರು ಕಂಪ್ಯೂಟರ್ ಒಮ್ಮೆಲೇ ಬೇಕು, ನಾಕ ತಾಸು. ಒಂದರ ಉತ್ತರ ಇನ್ನೊಂದಕ್ಕ ಬೇಕಾಗಿರತೈತಿ, ಎಲ್ಲಾ ಕೂಡೇ ನಡೀಬೇಕು."

"ಗದ್ದಿ ಇದ್ದಂಗ."

"ಹೂಂನ್ರಿ. ಇನ್ನೊಂದು ಎಐ. ಅದು ಹಳೇ ವರ್ಷದ್ದೆಲ್ಲಾ ನೋಡಿ ಕಲ್ತಿರತೈತಿ. ಕೇಳಿದ್ರ ಕಣ್ಣ ಪಿಳಕಿಸೂದ್ರಾಗ ಹೇಳತೈತಿ. ಆದ್ರ ಹಳೇದ್ರಾಗ ಇಲ್ಲದ್ದು ಬಂದ್ರ ತಪ್ಪತೈತಿ. ಅನುಮಾನ ಬಂದಾಗ ಅದು ದೊಡ್ಡ ಲೆಕ್ಕಾನ ಕೇಳಬೇಕು. ಅದಕ್ಕ ಕಲಿಸೋ ಕೆಲಸ ಸಣ್ಣ ಸಣ್ಣವು, ನೂರಾರು. ಒಂದಕ್ಕ ನಾಕೋ ಎಂಟೋ ಕಂಪ್ಯೂಟರ್ ಸಾಕು."

"ಎಲಿ ತೋಟ."

"ಎಲಿ ತೋಟಾನ ನೋಡ್ರಿ. ನಿಮ್ಮ ಟೊಂಗಿ ಪದ್ಧತಿ ನಾನು ಅಲ್ಲಿ ಹಾಕ್ತೇನಿ."

ಹಾಕಿಯೂ ಹಾಕಿದ್ದಳು. ಹೋದ ವರ್ಷದ ಮಳೆಗಾಲದಲ್ಲಿ ಸಂದೇಶ ಒಮ್ಮೆಯೂ ಗೇಣಿನ ಮೇಲೆ ತಪ್ಪಿರಲಿಲ್ಲ. ಗುದ್ಲೆಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ಅಡ್ಡಾಡಿದ್ದ.

ಈಗ ಅವನು ಬಾಯಿ ತೆರೆದ. ಟೇಬಲ್ಲಿನ ಆಚೆಗೆ ನೋಡಿ ಕೇಳಿದ: "ಸಾಹೇಬ್ರ, ಆ ಮೂರ ದಿನ ದೊಡ್ಡ ಲೆಕ್ಕ ಆಗಿತ್ತೇನ್ರಿ?"

"ಯಜಮಾನ್ರ, ಅದು ತಾಂತ್ರಿಕ ವಿಷಯ. ಮುನ್ಸೂಚನೆ ದಿನಾ ಹೋಗೇದ."

"ಹೋಗೇತಿ. ದೊಡ್ಡ ಲೆಕ್ಕ ಆಗಿತ್ತೋ ಇಲ್ಲೋ?"

"ಸರದಿಯೊಳಗಿತ್ತು."

"ಸರದಿಯೊಳಗ ಇತ್ತು ಅಂದ್ರ ಆಗಿರಲಿಲ್ಲ."

ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು. "ಮಷಿನ್ ಒಂದು ಕ್ಷಣಾನೂ ಖಾಲಿ ಇರಲಿಲ್ಲ. ಆ ಮೂರು ದಿನ ನೂರಕ್ಕೆ ತೊಂಬತ್ತೆಂಟು ಭರ್ತಿ. ನಮ್ಮ ಕೇಂದ್ರದ ದಾಖಲೆ ಅದು. ಅಷ್ಟು ದಕ್ಷವಾಗಿ ನಡೆದ ಮಷಿನ್ನಿನ ಮೇಲೆ ತಪ್ಪು ಹೊರಿಸೋದು ಸರಿ ಅಲ್ಲ."

"ವಾಣಿಶ್ರೀ, ನೀನ ಹೇಳವ್ವಾ. ಟೊಂಗಿ ಇತ್ತೋ ಇಲ್ಲೋ?"

ಹುಡುಗಿ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು. "ಇರಲಿಲ್ರಿ ಅಜ್ಜಾರ."

"ವಾಣಿಶ್ರೀ!" ಎಂದರು ಸಾಹೇಬರು.

"ಇರಲಿಲ್ರಿ. ಜೂನದಾಗ ತಗಿಸಿದ್ರು. ದೊಡ್ಡ ಲೆಕ್ಕಕ್ಕ ಜಾಗಾ ಹಿಡಿದಿಡೂ ಹೊತ್ತಿನ್ಯಾಗ ದಿನಾ ಒಂದ ತಾಸು ಕಂಪ್ಯೂಟರ್ ಒಂದೊಂದಾಗಿ ಖಾಲಿ ನಿಂತಕೊಂತ ಹೋಗತಾವ. ಆ ತಾಸಿನ್ಯಾಗ ಭರ್ತಿ ಅಂಕಿ ಇಪ್ಪತ್ತೈದಕ್ಕ ಇಳೀತೈತಿ. ಮ್ಯಾಲಿನವರು ನೋಡೂದು ಆ ಅಂಕಿ ಒಂದ. ಅದಕ್ಕ ಹಿಡಿದಿಡೂದ ಬ್ಯಾಡ ಅಂದ್ರು. ತಗದ ಕೂಡ್ಲೇ ಅಂಕಿ ತೊಂಬತ್ತೆಂಟ ಆತು. ಎಲ್ಲಾರೂ ಪೇಢೆ ಹಂಚಿದ್ರು. ನಾಕ ಖಾಲಿ ಆದ್ರ ಅವು ಒಂದ ಸಣ್ಣ ಕೆಲಸಕ್ಕ, ಎಂಟ ಖಾಲಿ ಆದ್ರ ಇನ್ನೊಂದ ಸಣ್ಣದಕ್ಕ. ಮುನ್ನೂರು ಒಮ್ಮೆಲೇ ಖಾಲಿ ಆಗೂದು ಯಾವಾಗ? ದೊಡ್ಡ ಲೆಕ್ಕ ಎಪ್ಪತ್ತೊಂದ ತಾಸು ಬಾಗಲದಾಗ ನಿಂತಿತ್ತು. ಎಐ ಮೂರೂ ದಿನ ನನಗ ಅನುಮಾನ ಐತಿ, ದೊಡ್ಡದನ್ನ ಕೇಳ್ರಿ ಅಂತ ಬಡಕೊಂಡೈತಿ. ಎರಡೂ ಕೆರಿ ಒಂದ ದಿನ ಕೋಡಿ ಬಿದ್ದದ್ದು ಅದರ ಪಾಠದಾಗ ಇರಲಿಲ್ಲ. ಕೇಳೋರು ಯಾರಿಲ್ಲ. ಅದರ ಅನುಮಾನಾನ ಸಣ್ಣ ಅಕ್ಷರದಾಗ ಬರದು ನಿಮಗ ಕಳಿಸ್ಯಾರ."

ತಾನು ತಿರುಪಿನ ಮೇಲಿಂದ ಕೈ ತೆಗೆದ ಗಳಿಗೆ ಗುದ್ಲೆಪ್ಪನ ಕಣ್ಣ ಮುಂದೆ ಬಂತು. ಇಡೀ ಜೀವಮಾನದಲ್ಲಿ ಕಂಡ ನೀರನ್ನು ಬಿಟ್ಟು ಯಾವುದನ್ನು ನಂಬಿದೆನೋ, ಅದರ ಒಳಗೆ ಯಾರೂ ಇರಲಿಲ್ಲ.

"ಅಂದ್ರ," ಅವನ ಧ್ವನಿ ಇನ್ನೂ ತಗ್ಗಿತು, "ನಲವತ್ತ ತೋಟಕ್ಕ ಬೇಕಾದಂಗ ನೀರ ಬಿಟ್ಟು, ಗದ್ದಿ ಒಣಗಿಸಿ, ಕಾಲುವಿ ತುಂಬಿ ಹರದೈತಿ ನೋಡ್ರಿ ಅಂತ ಪೇಢೆ ತಿಂದ್ರಿ."

"ನೀವು ಕಾಲುವೆಗೂ ಸೂಪರ್ ಕಂಪ್ಯೂಟರಿಗೂ..."

"ನಾ ಎರಡನೇ ಇಯತ್ತೆ ಕಲ್ತಾಂವ್ರಿ. ತಿಳೀದಿದ್ರ ತಿಳಿಸ್ರಿ. ನಾ ಹೇಳಿದ್ದು ತಪ್ಪೈತೇನು?"

ಸಾಹೇಬರು ಲ್ಯಾಪ್‌ಟಾಪಿನ ಮೂಲೆಯ ಅಂಕಿ ನೋಡಿದರು. ಅಷ್ಟರಲ್ಲಿ ಗುದ್ಲೆಪ್ಪನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಅವನು ತೆಗೆದು, ಬೆರಳಿಟ್ಟು ಓದಿದ. ಆಮೇಲೆ ಫೋನನ್ನು ಕುಬೇರಪ್ಪನ ಕೈಗೆ ಕೊಟ್ಟ. "ಇವತ್ತಿಂದು. ಕೆಳಗಿನ ಇರಬಿ ಸಾಲೂ ಓದು."

ಕುಬೇರಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ. "ಕೆರೆ ಸುರಕ್ಷಿತ, ತೂಬು ತೆರೆಯಬೇಡಿ." ನುಂಗಿಕೊಂಡು ಮುಂದೆ ಓದಿದ. "ಪರಿಶೀಲನೆ ಬಾಕಿ."

ನಿನ್ನೆ ಸಂಜೆಯಿಂದ ಹಾನಗಲ್ಲ ಕಡೆ ಮತ್ತೆ ಹಿಡಿದಿತ್ತು. ಬೆಳಿಗ್ಗೆಯೇ ಮೇಲಿನ ಕೆರೆಯ ನೀರಗಂಟಿ ಫೋನು ಮಾಡಿ, ಕೋಡಿಗೆ ಎರಡು ಬೆರಳಷ್ಟೇ ಉಳಿದಿದೆ ಎಂದಿದ್ದ. ಮೊನ್ನೆಯದೇ ಮತ್ತೆ ಬರುತ್ತಿತ್ತು. ತೂಬು ಕಡಿಮೆ ತೆಗೆದರೆ ಕೋಡಿ ಹರಿಯುತ್ತದೆ. ಹೆಚ್ಚು ತೆಗೆದರೆ ತೂಬಿನ ನೀರೇ ತೋಟ ತಿನ್ನುತ್ತದೆ. ಎಷ್ಟು ಸುತ್ತು, ಯಾವಾಗಿನಿಂದ, ಅದನ್ನು ಹೇಳಬಲ್ಲದ್ದು ಆ ದೊಡ್ಡ ಲೆಕ್ಕ ಒಂದೇ.

ಗುದ್ಲೆಪ್ಪ ಎದ್ದು ನಿಂತ. ಯಾರ ಮುಂದೆಯೂ ಧ್ವನಿ ಏರಿಸದವನು ಟೇಬಲ್ಲಿನ ಮೇಲೆ ಅಂಗೈ ಬಡಿದ ಹೊಡೆತಕ್ಕೆ ಪೆನ್ನು ಹಾರಿ ಕೆಳಗೆ ಬಿತ್ತು.

"ಇನ್ನೂ ಟೊಂಗಿ ಇಟ್ಟಿಲ್ಲ! ಒಂದ ಸಲ ಮುಳುಗಿಸಿದ್ದು ಸಾಲದಂತ ಎರಡನೇ ಸಲ ಮುಳುಗಸಾಕ ಹೊಂಟೀರಿ, ಮ್ಯಾಲ ನನ್ನ ಸಹಿ ಬ್ಯಾರೆ ಬೇಕು! ಈ ಕಾಗದಕ್ಕ ನಾ ಸಹಿ ಮಾಡಿದ್ರ ನಿಮ್ಮ ಮಷಿನ್ ಸರಿ ಐತಿ ಅಂತ ಆತು. ಸರಿ ಇದ್ದದ್ದನ್ನ ಯಾರ ರಿಪೇರಿ ಮಾಡ್ತಾರ್ರಿ? ನನ್ನ ತಪ್ಪ ನಾ ಒಪ್ಪತೇನಿ. ಕೆಂಪ ನೀರ ಕಂಡೂ ತೂಬ ತಗೀಲಿಲ್ಲ, ನಿಮ್ಮನ್ನ ನಂಬಿದೆ. ಅದನ್ನ ಬರೀರಿ. ಅದರ ಬಾಜೂಕ ದೊಡ್ಡ ಲೆಕ್ಕಕ್ಕ ಎಪ್ಪತ್ತೊಂದ ತಾಸು ಪಾಳಿ ಕೊಡಲಿಲ್ಲ ಅಂತ ನಿಮ್ಮದನ್ನೂ ಬರೀರಿ. ಎರಡೂ ಇದ್ರ ಸಹಿ, ಒಂದ ಇದ್ರ ಇಲ್ಲ."

"ಅಜ್ಜಾ, ಜರಾ ತಡಿ," ಎಂದ ಕುಬೇರಪ್ಪ, ಪೆನ್ನು ಹುಡುಕುತ್ತ. "ದಿಲ್ಶಾದವ್ವಾ, ನೀನರ ಹೇಳು. ಫಿರ್ಯಾದಿ ನಿಂದು. ಈ ಮುದುಕನ ಮ್ಯಾಲ ಸಿಟ್ಟೈತೋ ಇಲ್ಲೋ ನಿನಗ?"

"ಐತಿ!" ದಿಲ್ಶಾದ ಬೆಂಚಿನಿಂದ ಎದ್ದಳು. "ಇವನ ಮಾರಿ ನೋಡಿದ್ರ ಮೈ ಉರೀತೈತಿ ನನಗ. ಕಾಕಾ, ನಮ್ಮ ಅತ್ತಿ ಕೈಲೆ ಚಾ ಕುಡದಾಂವ ನೀನು. ನಾ ಆ ದಿನ ಬಂದು, ಕಾಕಾ ನೀರ ಕೆಂಪಾಗೈತಿ ಅಂತ ಕೈ ಮುಗದೆ. ಮಷಿನ್ ಹೇಳೈತಿ, ಮನಿಗೆ ಹೋಗವಾ ಅಂದಿ. ಅದನ್ನ ನಾ ಸಾಯೂತನಕ ಮರಿಯಂಗಿಲ್ಲ." ಅವಳು ಟೇಬಲ್ಲಿನ ಹತ್ತಿರ ಬಂದಳು. "ಆದ್ರ ಆ ಸಿಟ್ಟು ನಂದು. ನಾ ಇವಗ ಬೈತೇನಿ, ಬೇಕಾದ್ರ ಹೊಡೀತೇನಿ. ನಿಮ್ಮ ಕಾಗದಕ್ಕ ಅದನ್ನ ಎರವಲ ಕೊಡಂಗಿಲ್ಲ. ತಗೀರಿ ನನ್ನ ಹೆಸರ ಅದರಾಗಿಂದು."

ಗುದ್ಲೆಪ್ಪ ಅವಳ ಕಡೆ ನೋಡಲಾರದೆ ನೆಲ ನೋಡಿದ.

ಸಾಹೇಬರು ಗಡಿಯಾರ ನೋಡಿಕೊಂಡರು. "ಇದು ಇಲ್ಲಿ ತೀರ್ಮಾನ ಆಗೋ ವಿಷಯ ಅಲ್ಲ. ನಾಳೆ ನಮ್ಮ ಕೇಂದ್ರಕ್ಕೆ ಮೇಲಿನವರು ಬರ್ತಾರೆ. ಅವರ ಮುಂದೆ ಅಂಕಿ ಇಳಿಯೋ ಹಾಗಿಲ್ಲ. ಅವರು ಹೋದ ಮೇಲೆ ನೋಡೋಣ."

"ನಾಳಿ ನೀರ ಬಂದಿರತೈತ್ರಿ" ಎಂದಳು ವಾಣಿಶ್ರೀ. ಅವಳು ಸಾಹೇಬರ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು. ಬೆರಳು ಕೀಲಿಗಳ ಮೇಲೆ ಓಡುತ್ತಿದ್ದವು. "ಹಿಡಿದಿಡೂ ಅಧಿಕಾರ ನನ್ನ ಹೆಸರಲೇ ಇನ್ನೂ ಐತ್ರಿ ಸರ್. ತಗೀಲಿಕ್ಕೆ ಮರತೀರಿ."

"ಮುಟ್ಟಿದ್ರೆ ನಿನ್ನ ಕೆಲಸ ಹೋಗ್ತದ, ನೋಡು."

"ದೊಡ್ಡ ಲೆಕ್ಕಕ್ಕ ಜಾಗಾ ಹಿಡಿದೇನ್ರಿ."

ಸಾಹೇಬರು ಲ್ಯಾಪ್‌ಟಾಪಿಗೆ ಕೈ ಹಾಕಲು ಹೋದರು. ದಿಲ್ಶಾದ ನಡುವೆ ನಿಂತಳು. ಅವಳೇನೂ ಮಾಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು ಅಷ್ಟೇ. ಸಾಹೇಬರು ಕುರ್ಚಿಗೆ ಮರಳಿದರು.

ತೆರೆಯ ಮೂಲೆಯಲ್ಲಿ ಅಂಕಿ ಇಳಿಯತೊಡಗಿತು. ತೊಂಬತ್ತೆಂಟು. ತೊಂಬತ್ತೈದು. ಸಣ್ಣ ಕೆಲಸಗಳು ಒಂದೊಂದಾಗಿ ಮುಗಿದವು. ಅವು ಬಿಟ್ಟ ಜಾಗಕ್ಕೆ ಹೊಸದು ಬರಲಿಲ್ಲ. ಎಂಬತ್ತೆಂಟು. ಕುಬೇರಪ್ಪ ಕುತ್ತಿಗೆ ಚಾಚಿ ನೋಡಿ, ಲೊಚ್ಚ್ ಅಂತ ನಾಲಿಗೆ ಸಪ್ಪಳ ಮಾಡಿದ. "ಇಳಿಯಾಕತ್ತೈತಲ್ಲವಾ, ಇಷ್ಟ ದೊಡ್ಡ ಮಷಿನ್ ಸುಮ್ಮ ನಿಂತಂಗ ಆತಲ್ಲ?"

"ಸುಮ್ಮ ನಿಂತಿಲ್ಲ, ಕಾಯಾಕತ್ತೈತಿ" ಎಂದ ಗುದ್ಲೆಪ್ಪ.

ಎಪ್ಪತ್ತು. ಸಾಹೇಬರ ಫೋನು ಬಡಿಯತೊಡಗಿತು. ಎಲ್ಲಿಂದಲೋ ಯಾರೋ ಅಂಕಿ ನೋಡಿ ಗಾಬರಿಯಾಗಿದ್ದರು. ಸಾಹೇಬರು ಹೊರಗೆ ಹೋಗಿ, "ಹೌದು, ಗೊತ್ತು, ಹೌದು," ಎಂದು ಹತ್ತು ಸಲ ಹೇಳಿ ಒಳಗೆ ಬಂದರು. ಐವತ್ತೊಂದು. ಒಂದು ಕೆಲಸ ಇಪ್ಪತ್ತು ನಿಮಿಷ ಅಂತ ಹೇಳಿ ನಲವತ್ತು ತೆಗೆದುಕೊಂಡಿತು. "ಯಾರದದು?" ಎಂದು ಗುದ್ಲೆಪ್ಪ ಗದರಿದ, ಎದುರಿಗೇ ಇದ್ದವರನ್ನು ಕೇಳಿದ ಹಾಗೆ. ಎರಡು ಸಣ್ಣ ಕೆಲಸ ಮಾತ್ರ ವಾಣಿಶ್ರೀ ನಡುವೆ ಬಿಟ್ಟಳು. ಐದೈದು ನಿಮಿಷದವು, ದೊಡ್ಡದಕ್ಕೆ ಅಡ್ಡ ಬಾರದಂಥವು. ಮೂವತ್ತು. ಇಪ್ಪತ್ತೈದು. ಆಮೇಲೆ ಅಂಕಿ ಒಂದೇ ಏಟಿಗೆ ಮೇಲೆ ನೆಗೆಯಿತು. ದೊಡ್ಡ ಲೆಕ್ಕ ಒಳಗೆ ಹೋಗಿತ್ತು.

"ನಾಕ ತಾಸು" ಎಂದಳು ವಾಣಿಶ್ರೀ.

ಆ ನಾಲ್ಕು ತಾಸು ಸಾಹೇಬರು ತಮ್ಮ ಕಾರಿನಲ್ಲಿ ಕೂತು ಕಳೆದರು. ಹೊರಟುಹೋಗಬಹುದಿತ್ತು, ಹೋಗಲಿಲ್ಲ. ಲ್ಯಾಪ್‌ಟಾಪು ಒಳಗೇ ಇತ್ತು. ಕುಬೇರಪ್ಪ ಎಲ್ಲರಿಗೂ ಸವಣೂರಿನ ಖಾರ, ಚುರಮುರಿ ತರಿಸಿದ. ದಿಲ್ಶಾದ ಗುದ್ಲೆಪ್ಪನ ಮುಂದೆ ಕಾಗದದ ಪೊಟ್ಟಣವನ್ನು ಬಿಸಾಕಿದ ಹಾಗೆ ಇಟ್ಟಳು. ಅವನು ತಿನ್ನಲಿಲ್ಲ. ವಾಣಿಶ್ರೀ ಅವನ ಪಕ್ಕ ಬಂದು ಕೂತಳು.

"ಅಜ್ಜಾರ, ನನ್ನ ಮ್ಯಾಲೂ ಸಿಟ್ಟ ಐತೇನ್ರಿ?"

"ಐತಿ."

"ಯಾಕ್ರಿ?"

"ಜೂನದಾಗ ಟೊಂಗಿ ತಗದ್ರು. ನೀ ಜೂನದಾಗ ನನಗ ಫೋನ ಮಾಡಬೇಕಿತ್ತು. ಅಜ್ಜಾ, ಇನ್ನ ಮ್ಯಾಲ ಮಷಿನ್ ನಂಬಬ್ಯಾಡ ಅನ್ನಬೇಕಿತ್ತು. ಇಷ್ಟ ಸಾಕಿತ್ತು."

ವಾಣಿಶ್ರೀ ಎದ್ದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಳು.

ಸಂಜೆ ಐದರ ಹೊತ್ತಿಗೆ ಲೆಕ್ಕ ಮುಗಿಯಿತು. ವಾಣಿಶ್ರೀ ಒಂದೊಂದೇ ಸಾಲು ಓದಿದಳು. ಸಂದೇಶದ ಪ್ರಕಾರ ಸುರಕ್ಷಿತವಿದ್ದ ಕೆರೆಯಲ್ಲಿ ನಾಳೆ ಹನ್ನೊಂದರ ಹೊತ್ತಿಗೆ ಕೋಡಿಯ ಮೇಲೆ ಒಂದು ಮೊಳ ನೀರು. ಈಗಿನಿಂದಲೇ ತೂಬು ಮೂರು ಸುತ್ತು ತೆಗೆದಿಟ್ಟರೆ ಕೋಡಿಗೆ ಒಂದು ಗೇಣು ಕೆಳಗೆ ನಿಲ್ಲುತ್ತದೆ, ಕೆಳಗಿನ ಹಳ್ಳ ದಡ ಮೀರುವುದಿಲ್ಲ. ನಾಲ್ಕು ಸುತ್ತು ತೆಗೆದರೆ ತೋಟಕ್ಕೆ ನುಗ್ಗುತ್ತದೆ.

ಸಾಹೇಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ತೂಬು ತೆರೀಲಿಕ್ಕೆ ಆದೇಶ ಬೇಕು. ನಾನು ಮೇಲೆ ಬರೀತೀನಿ. ನಾಳೆ ಬೆಳಿಗ್ಗೆ..."

"ಬರೀರಿ" ಎಂದ ಗುದ್ಲೆಪ್ಪ. "ಕುಂತು ಚಲೋತ್ನ್ಯಾಗ ಬರೀರಿ. ಅಲ್ಲೀತನಕ ನೀರ ನಿಮ್ಮ ಮಾತ ಕೇಳಿ ಹಾನಗಲ್ಲಿನ್ಯಾಗ ನಿಂತಿರತೈತಿ."

ಅವನು ಕಾಗದವನ್ನು ಟೇಬಲ್ಲಿನ ಮೇಲೇ ಬಿಟ್ಟು ಹೊರಬಿದ್ದ. ಕುಬೇರಪ್ಪ ಹಿಂದಿನಿಂದ ಕೂಗಿದ: "ಅಜ್ಜಾ, ಸಹಿ ಇಲ್ದ ತೂಬ ಮುಟ್ಟಿದ್ರ ನಾಳೆಯಿಂದ ನೀ ನೀರಗಂಟಿ ಅಲ್ಲ!"

"ಇವತ್ತ ಇನ್ನೂ ಇದ್ದೇನಲ್ಲ!"

ಮೂರು ಸುತ್ತು. ಬೆಳಕು ಇರುವಾಗಲೇ ತೂಬು ತೆರೆಯಿತು. ದಿಲ್ಶಾದ ತೋಟದ ಕೆಳಬದುವನ್ನು ತಾನೇ ಕಡಿದು, ಇದ್ದ ನೀರಿಗೆ ದಾರಿ ಮಾಡಿಟ್ಟಳು. ಮರುದಿನ ಹನ್ನೊಂದಕ್ಕೆ ನೀರು ಕೋಡಿಗೆ ಒಂದು ಗೇಣು ಕೆಳಗೆ ಬಂದು ನಿಂತಿತು. ಗುದ್ಲೆಪ್ಪ ಏರಿಯ ಮೇಲೆ ಅಂಗೈ ಅಗಲಿಸಿ ಅಳೆದು ನೋಡಿದ. ಗೇಣಿಗೆ ಎರಡು ಬೆರಳು ಹೆಚ್ಚೂಕಡಿಮೆ ಅಷ್ಟೇ. ಉಳಿದ ಬಳ್ಳಿಗಳ ಬುಡಕ್ಕೆ ನೀರು ಮುಟ್ಟಲಿಲ್ಲ.

ಎಂಟು ದಿನಕ್ಕೆ ಎರಡು ಸುದ್ದಿ ಒಟ್ಟಿಗೆ ಬಂದವು. ತೂಬಿನ ಕೆಲಸ ಗುತ್ತಿಗೆಗೆ ಹೋಯಿತು ಎಂಬುದೊಂದು. ಅದನ್ನು ಕುಬೇರಪ್ಪ ಮನೆಗೆ ಬಂದು, ಕಣ್ಣು ತಪ್ಪಿಸಿ ಹೇಳಿ ಹೋದ. ಎರಡನೆಯದು ವಾಣಿಶ್ರೀಯ ಫೋನು. ಗುದ್ಲೆಪ್ಪ ದಿಲ್ಶಾದಳ ತೋಟದಲ್ಲಿ ಕೊಳೆತ ಬಳ್ಳಿ ಕಿತ್ತು ಹೊರಗೆ ಹಾಕುತ್ತಿದ್ದಾಗ ಬಂತು. ಪಂಚಾಯ್ತಿ ಕಚೇರಿಯ ಆ ದಿನದಿಂದ ದಿಲ್ಶಾದ ಅವನೊಂದಿಗೆ ಮಾತು ಬಿಟ್ಟಿದ್ದಳು. ಅವನು ದಿನಾ ಬಂದು ಕೆಲಸ ಮಾಡಿ ಹೋಗುತ್ತಿದ್ದ. ಅವಳು ಬರಬೇಡ ಎಂದೂ ಹೇಳಿರಲಿಲ್ಲ.

"ಅಜ್ಜಾರ, ಹಿಡಿದಿಡಾಕ ಒಪ್ಯಾರ್ರಿ" ಎಂದಳು ವಾಣಿಶ್ರೀ. "ದೊಡ್ಡ ಲೆಕ್ಕಕ್ಕ ಮಳಿಗಾಲ ಮುಗಿಯೂತನಕ ದಿನಾ ಪಾಳಿ. ಮ್ಯಾಲಿನವರು ಬಂದಾಗ ಅಂಕಿ ಯಾಕ ಇಳೀತು ಅಂತ ಕೇಳಿದ್ರಂತ. ಸಾಹೇಬ್ರು ನಿಮ್ಮ ಕೆರಿ ಕಥಿ ತಮ್ಮದ ಅನ್ನೂಹಂಗ ಹೇಳ್ಯಾರ. ಅವರು ಭೇಷ್ ಅಂದ್ರಂತ."

"ಚಲೋ ಆತಲ್ಲವಾ."

"ಆದ್ರ ನನ್ನನ್ನ ಆ ಕೆಲಸದಿಂದ ತಗದಾರ್ರಿ. ಬ್ಯಾರೆ ವಿಭಾಗಕ್ಕ ಹಾಕ್ಯಾರ. ಪಾಳಿ ನೋಡಾಕ ಈಗ ಯಾರೂ ಇಲ್ರಿ."

ಗುದ್ಲೆಪ್ಪ ಕೈಯಲ್ಲಿದ್ದ ಬಳ್ಳಿಯನ್ನು ಕೆಳಗೆ ಬಿಟ್ಟ. ಕಿವಿಯ ಹಿಂದಿನ ನರ ಎದ್ದಿತು. ನೀರಗಂಟಿ ಇಲ್ಲದ ಪಾಳಿ ಎಷ್ಟು ದಿನ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೊದಲ ದಿನ ಒಬ್ಬ ಐದು ನಿಮಿಷ ಅಂತ ನುಗ್ಗುತ್ತಾನೆ. ಎರಡನೇ ದಿನ ಹತ್ತು ಜನ.

"ಆ ಸಾಹೇಬನ ನಂಬರ ಕೊಡು" ಎಂದ.

"ಅಜ್ಜಾರ, ಬ್ಯಾಡ್ರಿ..."

"ಕೊಡವಾ."

ಅವಳು ಹೇಳಿದ ಅಂಕಿಗಳನ್ನು ಅವನ ಬೆರಳು ಹುಡುಕುತ್ತ ತಡವರಿಸಿತು. ದಿಲ್ಶಾದ ಬದುವಿನ ಆಚೆಯಿಂದ ಬಂದು, ಒಂದು ಮಾತೂ ಆಡದೆ ಅವನ ಕೈಯಿಂದ ಫೋನು ಕಸಿದುಕೊಂಡಳು. ತಾನೇ ನಂಬರ ಒತ್ತಿದಳು, ಸ್ಪೀಕರ್ ಹಚ್ಚಿದಳು, ಅವನ ಬಾಯಿಯ ಮುಂದೆ ಹಿಡಿದಳು.

"ಹಲೋ, ಯಾರು?" ಎಂದಿತು ಆಚೆಯ ಧ್ವನಿ.

"ನಾನ್ರಿ, ಗುಳ್ಳಿಕಟ್ಟಿ ಗುದ್ಲೆಪ್ಪ. ಈಗ ನೀರಗಂಟಿ ಅಲ್ಲ, ಅದಕ್ಕ ನನಗ ಭಾಳ ಟೈಮ್ ಐತಿ. ಆ ಹುಡುಗಿನ ಹೊಳ್ಳಿ ಪಾಳಿ ಮ್ಯಾಲ ಕುಂದ್ರಸೂತನಕ ದಿನಾ ಮುಂಜಾನೆ, ದಿನಾ ಸಂಜಿಕ ಫೋನ ಮಾಡತೇನಿ. ಇಡಬ್ಯಾಡ್ರಿ, ಕೇಳ್ರಿ. ನಾ ಇನ್ನೂ ಶುರೂನ ಮಾಡಿಲ್ಲ."